ಎರಡು ಇಂಚು

ಡೂಮ್‌ಲೈಟ್ ಸರ್ಕಲ್ಲಿನ ಮೇಲ್ಮಹಡಿ ರೂಮು.
ಕೆಳಗೆ ಬೇಕರಿ; ಬನ್ನಿನ ವಾಸನೆ ಮೆಟ್ಟಿಲು ಹತ್ತಿ ಬಂದು
ತೀರ್ಪುಗಾರರ ಮನಸ್ಸು ಕೆಡಿಸುತ್ತಿತ್ತು.
ನಾವು ಮೂವರು: ರಿಟೈರಾದ ಪಿಳ್ಳಪ್ಪ ಮೇಷ್ಟ್ರು,
ವಕೀಲೆ ಮುಬೀನಾ, ಮತ್ತೆ ನಾನು,
ಕಠಾರಿಪಾಳ್ಯದಲ್ಲಿ ರವಿಕೆ ಹೊಲಿಯುವವಳು,
ಕೊರಳ ಟೇಪು ತೆಗೆದಿಡಲು ಮರೆತು ಹಾಗೇ ಬಂದವಳು.

ನಮ್ಮಂಥವರ ಬಗ್ಗೆ ನೆಟ್ಟಗೆ ಬರೆದವರಿಗೆ
ವರ್ಷಕ್ಕೊಂದು ಬಹುಮಾನ, ಇದು ಮೂರನೆಯದು.
ಐದು ಸಾವಿರ, ಒಂದು ಶಾಲು, ಒಂದು ಫಲಕ.
ಮೇಜಿನ ತುಂಬ ಕತ್ತರಿಸಿ ಕಳಿಸಿದ ಸುದ್ದಿ.

ಮೇಷ್ಟ್ರು ಓದುತ್ತಾರೆ, ನಾನು ಎಣಿಸುತ್ತೇನೆ.
'ಕರುಳು ಹಿಂಡುವ' ಒಂಬತ್ತು.
'ಪಾಪ' ಹದಿನೇಳು, ಅಲ್ಲಿಗೆ ಎಣಿಕೆ ಬಿಟ್ಟೆ.
ಒಬ್ಬ ಬರೆದಿದ್ದ: ಅವಳ ಕಣ್ಣಲ್ಲಿ ಸಮುದ್ರವಿತ್ತು.
ಯಾವ ಸಮುದ್ರವಪ್ಪಾ? ನಾವು ಕೋಲಾರದವರು,
ಸಾವಿರದಿನ್ನೂರು ಅಡಿ ಕೊರೆದರೂ ಬರೋದು ಬಿಳೀ ಧೂಳು.

ಮುಬೀನಾ ಒಂದಕ್ಕೆ ಗುರುತು ಹಾಕಿದಳು.
ಕಾನೂನು ಸರಿಯಾಗಿದೆ, ಮಾತು ಹದವಾಗಿದೆ,
ಇಬ್ಬರು ಗಂಡಸರು ಹದಿನಾಲ್ಕು ವರ್ಷ ಹೂಡಿದ ಸಂಸಾರ.
ಫೋಟೋದಲ್ಲಿ ಮಾತ್ರ ಮುಖವಿಲ್ಲ,
ಗೋಡೆಯ ಮೇಲೆ ಎರಡು ನೆರಳು.
'ಅವರೇ ಬೇಡ ಅಂದಿರಬಹುದು' ಅಂದರು ಮೇಷ್ಟ್ರು.
ಇರಬಹುದು.

ರಾಶಿಯ ತಳದಲ್ಲಿತ್ತು ಅದು, ಬೆರಳಗಲ:
'ಟೊಮೇಟೊ: ಬಾಕ್ಸಿಗೆ ನೂರ ಎಂಬತ್ತು.
ಬೆಳಿಗ್ಗೆ ಇನ್ನೂರ ಹತ್ತಿದ್ದದ್ದು
ಮದನಪಲ್ಲಿ ಲಾರಿ ಬಂದ ಮೇಲೆ ಇಳಿಯಿತು ಎಂದು
ಮಂಡಿ ವ್ಯಾಪಾರಿ ರವಣಮ್ಮ (41) ತಿಳಿಸಿದರು.'
ಅಷ್ಟೇ.

ರವಣಮ್ಮನ ಅಳತೆ ನನ್ನ ಪುಸ್ತಕದಲ್ಲಿದೆ.
ಇಪ್ಪತ್ತರಲ್ಲಿ ಮೊದಲ ರವಿಕೆ ತೊಟ್ಟು
ಕನ್ನಡಿಯೆದುರು ಎಷ್ಟು ಹೊತ್ತು ನಿಂತಳೆಂದರೆ
ಹೊರಗೆ ಕಾದ ಗಿರಾಕಿ ಬೈದುಕೊಂಡು ಹೋದರು.

ಟೇಪು ಹಿಡಿದು ಸುದ್ದಿ ಅಳೆದೆ. ಎರಡು ಇಂಚು.

ತೊಂಬತ್ತೇಳರಲ್ಲಿ ನನಗೆ ಆರು ಇಂಚು ಕೊಟ್ಟಿದ್ದರು,
ಫೋಟೋ ಸಮೇತ. ಬಸ್ ಸ್ಟ್ಯಾಂಡು, ಪೊಲೀಸ್ ಜೀಪು,
ಮುಖಕ್ಕೆ ಅಡ್ಡ ಹಿಡಿದ ಸೆರಗು.
ಮೊದಲು ಅಪ್ಪ ಇಟ್ಟ ಹೆಸರು,
ಆಮೇಲೆ 'ಅಲಿಯಾಸ್',
ಅದರ ಬೆನ್ನಿಗೆ ನಾನು.

'ಇದನ್ನ ಕಳಿಸಿದ್ದು ಯಾರು?' ಲಕೋಟೆಯಲ್ಲಿ ಹೆಸರಿಲ್ಲ.
ಮೂಸಿದೆ. ಟೊಮೇಟೊ ತೊಟ್ಟಿನ ಘಾಟು.
ನಾನು ಬಾಯಿ ಬಿಡಲಿಲ್ಲ.

ಮುಬೀನಾ ಕೇಳಿದಳು: ಬರೆದವನಿಗೆ ಗೊತ್ತಿತ್ತಾ?
ಗೊತ್ತಿಲ್ಲದೆ ಬರೆದರೆ ಅದು ನ್ಯಾಯವೋ, ಅಜ್ಞಾನವೋ?
ಫೋನು ಹಚ್ಚಿದೆವು. ವರದಿಗಾರ ಸೊಣ್ಣಪ್ಪ,
ಹಿಂದೆ ಹರಾಜಿನ ಕೂಗು.
'ಗೊತ್ತಿತ್ತು ಮೇಡಂ. ಮಂಡೀಲಿ ಯಾರಿಗೆ ಗೊತ್ತಿಲ್ಲ?'
ಮತ್ತೆ ಯಾಕೆ ಬರೀಲಿಲ್ಲ?
ನೂರ ತೊಂಬತ್ತು, ನೂರ ತೊಂಬತ್ತೈದು, ಐದು, ಐದು...
'ಇದ್ದದ್ದೇ ಎರಡಿಂಚು ಜಾಗ.
ರೇಟು ಬರೀಲಾ, ಅದನ್ನ ಬರೀಲಾ?'

ಮೇಷ್ಟ್ರು ನಕ್ಕೇ ನಕ್ಕರು, ಕನ್ನಡಕ ಒರೆಸಿಕೊಂಡರು.
ಮುಬೀನಾ ನಗಲಿಲ್ಲ.
'ನಾಲ್ಕಿಂಚು ಕೊಟ್ಟಿದ್ದರೆ?' ಅಂದಳು.
ಬನ್ನು ತರಿಸಿದೆವು, ತಿಂದೆವು,
ಆ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ.

ಬಹುಮಾನ ಅವನಿಗೇ. ಎರಡು ಮತ, ಒಂದು ಮೌನ.

ಫಲಕದ ಅಂಗಡಿ ಹುಡುಗ ಪೆನ್ಸಿಲು ಹಿಡಿದು ಕೂತ,
ಅಕ್ಷರಕ್ಕೆ ಎಂಟು ರೂಪಾಯಿ.
'ಯಾತಕ್ಕೆ ಕೊಟ್ಟಿದ್ದು ಅಂತ ಕೆತ್ತಲಿ, ಅಕ್ಕಾ?'
ಬರ್ಕೋ ಅಂದೆ:
ಟೊಮೇಟೊ ರೇಟು ಸರಿಯಾಗಿ ಬರೆದದ್ದಕ್ಕೆ.
ಅವನು ನನ್ನ ಮುಖ ನೋಡಿದ, ಕೊರಳ ಟೇಪು ನೋಡಿದ,
ಮತ್ತೊಮ್ಮೆ ಮುಖ ನೋಡಿದ.
'ಒತ್ತಕ್ಷರಕ್ಕೆ ಚಾರ್ಜು ಬೇರೆ' ಅಂದ.